ಬೀಗದಣ್ಣನ ವಿಳಾಸ

ಬಿಸಿಲು ಇಳಿದು ಗಾಳಿ ಏಳುವ ದಿನಗಳು. ಸೋಮವಾರ ಬೆಳಗ್ಗೆ ಒಂಬತ್ತೂವರೆ. ಹೊಸ ಇಂಟರ್ನೆಟ್ ಕಂಪನಿಯ ಇಬ್ಬರು ಏಣಿ ಹಾಕಿ, ಹಳೆಯ ತಂತಿ ಕಿತ್ತು, ಹೊಸದನ್ನು ಎಳೆದು ಹೋದರು. ಬೀಗ ರಿಪೇರಿ ಮಾಡುವ ಬೀಗದಣ್ಣ ಹಳೆಯ ಕಂಪನಿಗೆ ಫೋನ್ ಮಾಡಿ, "ನಿಮ್ಮ ಸಹವಾಸ ಸಾಕು, ಈಗಲೇ ಮುಚ್ಚಿಬಿಡಿ" ಎಂದ. ಹದಿನೈದು ವರ್ಷದಲ್ಲಿ ಅವನು ಹೇಳಿದ ಯಾವ ಕೆಲಸವನ್ನೂ ಅವರು ಅಷ್ಟು ಬೇಗ ಮಾಡಿರಲಿಲ್ಲ.

ಹಳೆಯ ತಂತಿ ಬಲು ನಿಧಾನ. ಗಿರಾಕಿಗಳು ಬೀಗದ ಫೋಟೋ ಕಳಿಸಿದರೆ ಅದು ಸೊಂಟ ಹಿಡಿದ ಅತ್ತೆ ಮೆಟ್ಟಿಲಿಳಿದ ಹಾಗೆ ಮೇಲಿನಿಂದ ಒಂದೊಂದೇ ಗೆರೆ ಇಳಿಯುತ್ತಿತ್ತು. ಕೀಲಿಯ ತೂತು ಕಾಣುವಷ್ಟರಲ್ಲಿ ಗಿರಾಕಿ ಬಾಗಿಲು ಒಡೆದು ಒಳಗೆ ಹೋಗಿ ಮಲಗಿರುತ್ತಿದ್ದ.

ಅಂದು ಬರಬೇಕಾಗಿದ್ದ ಫೋಟೋ ಮಾತ್ರ ಹಾಗೆ ಬರುವಂಥದ್ದಲ್ಲ. ಸಮುದ್ರದ ದಡದ ಊರಿನ ಮ್ಯೂಸಿಯಮ್ಮಿನಲ್ಲಿ ಅರುವತ್ತು ವರ್ಷದಿಂದ ಯಾರೂ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಬೀಗದಣ್ಣನ ಗುರು ಅದರ ಮುಂದೆ ಮೂರು ದಿನ ಕೂತು, ಸೋತು ಬಂದು, ಸಾಯುವ ತನಕ ಆ ಊರಿನ ಹೆಸರು ಎತ್ತಿರಲಿಲ್ಲ. ಈಗ ಶಿಷ್ಯನಿಗೆ ಕರೆ ಬಂದಿತ್ತು. 'ಹೊರಡುವ ದಿನ ಮತ್ತು ಬೀಗದ ಫೋಟೋಗಳನ್ನು ಸೋಮವಾರ ಕಳಿಸುತ್ತೇವೆ. ನಾಲ್ಕು ಗಂಟೆಯೊಳಗೆ ಒಪ್ಪಿಗೆ ಬರದಿದ್ದರೆ ಬೇರೆಯವರನ್ನು ಕರೆಯುತ್ತೇವೆ.' ಆ ಫೋಟೋ ಸರಿಯಾಗಿ ನೋಡಬೇಕೆಂದೇ ಹೊಸ ತಂತಿ.

ಇಮೇಲ್ ವಿಳಾಸದ ಗತಿಯೇನು ಎಂದು ಅವನು ಯೋಚಿಸದೆ ಇರಲಿಲ್ಲ. ಮೇಲ್ಮನೆಯ ಟಪಾಲಣ್ಣನನ್ನು ಕೇಳಿದ್ದ. ಮೂವತ್ತೆಂಟು ವರ್ಷ ಅಂಚೆಯಲ್ಲಿ ದುಡಿದು ನಿವೃತ್ತನಾದವನು.

"ವಿಳಾಸ ಮನುಷ್ಯನದು ಮಾರಾಯ, ತಂತೀದಲ್ಲ" ಎಂದಿದ್ದ ಟಪಾಲಣ್ಣ. "ಮನೆ ಬಿಟ್ಟವರು ಒಂದು ಚೀಟಿ ಬರೆದುಕೊಟ್ರೆ ಮೂರು ತಿಂಗಳು ಕಾಗದ ಹೊಸ ಮನೆಗೇ ಹೋಗುತ್ತೆ. ನಾನೇ ಎಷ್ಟು ಸಾವಿರ ತಿರುಗಿಸಿದ್ದೀನಿ."

ಹತ್ತು ಗಂಟೆಗೆ ಬೀಗದಣ್ಣ ಮೇಲ್ ತೆರೆಯಲು ಹೋದ. ತೆರೆಯಲಿಲ್ಲ. ಪಾಸ್‌ವರ್ಡನ್ನು ಮೆಲ್ಲಗೆ ಒತ್ತಿದ, ಜೋರಾಗಿ ಒತ್ತಿದ, ಒಂದೊಂದೇ ಬೆರಳಲ್ಲಿ ಒತ್ತಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಊರಿಗೆಲ್ಲ ಬೀಗ ತೆಗೆದುಕೊಡೋರು. ಸ್ವಲ್ಪ ಎಣ್ಣೆ ಬಿಟ್ಟು ನೋಡಿ."

ಹನ್ನೊಂದಕ್ಕೆ ಹಳೆಯ ಕಂಪನಿಯ ಕೌಂಟರಿಗೆ ಬೀಗದಣ್ಣ, ಟಪಾಲಣ್ಣ ಇಬ್ಬರೂ ಹೋದರು. ಟಪಾಲಣ್ಣ ಚೀಟಿ ಬರೆದೇ ತಂದಿದ್ದ. ಕೌಂಟರಿನ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಎಲ್ಲಿ ಹಾಕಲಿ ಅಂಕಲ್?"

"ಮೊಹರು ಒತ್ತಿ ಒಳಗೆ ಕಳಿಸಮ್ಮ. ಮಿಕ್ಕಿದ್ದು ಅವರಿಗೆ ಗೊತ್ತಿರುತ್ತೆ."

"ಒಳಗೆ ಯಾರೂ ಇಲ್ಲ. ನಾನೊಬ್ಬಳೇ." ಅವಳು ಬೀಗದಣ್ಣನ ಕಡೆ ತಿರುಗಿದಳು. "ವಿಳಾಸದ ಕೊನೇಲಿ ಯಾರ ಹೆಸರಿದೆ, ನೀವೇ ಹೇಳಿ."

"ನಿಮ್ಮ ಕಂಪನೀದು."

"ಅಂದ್ಮೇಲೆ ಅದು ನಮ್ಮದು. ಕನೆಕ್ಷನ್ ಬಿಟ್ರಿ, ವಿಳಾಸಾನೂ ಬಿಟ್ರಿ."

"ಹಾಗಾದ್ರೆ ಇವತ್ತೇ ವಾಪಸ್ ಕನೆಕ್ಷನ್ ತಗೋತೀನಿ ತಾಯಿ."

"ಕನೆಕ್ಷನ್ ಬಿಟ್ಟ ಮನೆಗೆ ಒಂದು ತಿಂಗಳು ಮತ್ತೆ ಕೊಡೋ ಹಾಗಿಲ್ಲ. ಮನೆ ನಂಬರ್ ಹಾಕಿದ್ರೆ ಕಂಪ್ಯೂಟರ್ ಒಪ್ಪಲ್ಲ."

"ಅಷ್ಟರವರೆಗೆ ನನ್ನ ವಿಳಾಸ?"

"ಖಾಲಿ ಇರುತ್ತೆ. ಬೇರೆ ಯಾರಾದ್ರೂ ಕೇಳಿದ್ರೆ ಕೊಡ್ತೀವಿ."

ಬೀಗದಣ್ಣ ಕೈಚೆಲ್ಲಿ ಮನೆಗೆ ನಡೆದ. ಟಪಾಲಣ್ಣ ಮಾತ್ರ ಬರಲಿಲ್ಲ. ಚೀಟಿಗೆ ಮೊಹರು ಬೀಳದೆ ಕೌಂಟರ್ ಬಿಟ್ಟು ಬಂದ ಅಭ್ಯಾಸ ಅವನಿಗಿರಲಿಲ್ಲ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ" ಎಂದಳು ಹೆಂಡತಿ. "ಆ ಮ್ಯೂಸಿಯಮ್ಮಿಗೆ ಒಂದು ಫೋನ್ ಮಾಡಬಾರದಾ?"

ಬೀಗದಣ್ಣ ಫೋನ್ ಮಾಡಿದ. ಆ ಕಡೆಯ ಗುಮಾಸ್ತ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

"ನೀವು ಹೇಳೋದು ನಿಜ ಇರಬಹುದು ಸ್ವಾಮಿ. ಆದ್ರೆ ಬೀಗದವರೇ ಮೊದಲನೇ ಪತ್ರದಲ್ಲಿ ಬರೆದಿದ್ದಾರೆ, ಓದ್ತೀನಿ ಕೇಳಿ. 'ಬೆಲೆಬಾಳುವ ಪೆಟ್ಟಿಗೆಯ ವಿಷಯ. ನಾನೇ ಬೀಗದವನು ಎಂದು ನಾಳೆ ಯಾರಾದರೂ ಫೋನ್ ಮಾಡಬಹುದು. ನಂಬಬೇಡಿ. ಈ ವಿಳಾಸದಿಂದ ಬಂದದ್ದೊಂದೇ ನನ್ನ ಮಾತು.'"

"ಅದನ್ನ ಬರೆದೋನು ನಾನೇ ಸ್ವಾಮಿ."

"ಕೆಳಗೆ ಹೆಸರು ಕೂಡ ಹಾಕಿಲ್ಲ ಅವರು. ಎಷ್ಟು ಜಾಗ್ರತೆಯ ಮನುಷ್ಯ ನೋಡಿ" ಎಂದು ಗುಮಾಸ್ತ ಫೋನ್ ಇಟ್ಟ.

ಬೀಗದವನು ಕಂಡಲ್ಲೆಲ್ಲ ಹೆಸರು ಬಿಟ್ಟು ಬರಬಾರದು ಎಂಬುದು ಗುರು ಕಲಿಸಿದ ಪಾಠ. ಬೀಗದಣ್ಣ ಆ ಪಾಠವನ್ನು ಒಮ್ಮೆಯೂ ಮೀರಿದವನಲ್ಲ. ಗೋಡೆಯ ಮೇಲಿನ ಗುರುವಿನ ಪಟವನ್ನು ಒಂದು ಗಳಿಗೆ ನೋಡಿ, ಮುಖ ತಿರುಗಿಸಿ ಕೂತ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಟಪಾಲಣ್ಣ ಏದುಸಿರು ಬಿಡುತ್ತ ಒಳಗೆ ಬಂದ. ಮುಖ ಬೆಳಗಿದ ಹಿತ್ತಾಳೆಯ ಹಾಗಿತ್ತು.

"ವಿಳಾಸ ಉಳೀತು ಮಾರಾಯ. ಮೇಲ್ಮನೆ ನಂಬರ್ ಬೇರೆ ಅಲ್ವಾ? ನನ್ನ ಹೆಸರಲ್ಲಿ ಕನೆಕ್ಷನ್ ಬರೆಸಿದೆ. ಆ ವಿಳಾಸಾನೇ ಬೇಕು ಅಂದೆ. ಕೊಟ್ಳು. ಕೂತಲ್ಲೇ ಮ್ಯೂಸಿಯಮ್ಮಿನ ಪತ್ರಾನೂ ಬಂತು, ಹುಡುಗಿ ಕೈಲಿ ಒಪ್ಪಿಗೇನೂ ಬರೆಸಿದೆ. ಬುಧವಾರ ಬೆಳಗ್ಗೆ ರೈಲು."

ಬೀಗದಣ್ಣ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಹೆಂಡತಿ ಕುಡಿಯಲು ನೀರು ತಂದುಕೊಟ್ಟಳು.

"ಟಿಕೆಟ್ಟಿಗೆ ಹೆಸರು ಕೇಳಿದ್ರು" ಎಂದ ಟಪಾಲಣ್ಣ, ನೀರು ಕುಡಿದು. "ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಹೆಸರು ಕೊಟ್ಟೆ."



"ಅಂದ್ರೆ ನಿನ್ನ ಹೆಸರು" ಎಂದ ಬೀಗದಣ್ಣ.

"ಮತ್ತೆ? ಇನ್ನೊಬ್ಬರ ಹೆಸರಲ್ಲಿ ಫಾರಂ ತುಂಬಿಸೋದು ಅಪರಾಧ. ಸರ್ವೀಸಲ್ಲಿ ಒಂದು ದಿನಾನೂ ಮಾಡಿದೋನಲ್ಲ ನಾನು."

"ನಿನಗೆ ಬೀಗದ ಕೆಲಸ ಬರುತ್ತಾ?"

"ನಮ್ಮ ಅಂಚೆಪೆಟ್ಟಿಗೆ ದಿನಾ ತೆಗೀತಿದ್ದೆ. ಕೀಲಿ ಇತ್ತು, ಆ ಮಾತು ಬೇರೆ."

ಟಪಾಲಣ್ಣನದು ಕೆಟ್ಟ ಮನಸ್ಸಲ್ಲ. ಕೂಡಲೇ ಕೌಂಟರಿಗೆ ಮರಳಿ ಹೋಗಿ ಅದೇ ವಿಳಾಸದಿಂದ ಇನ್ನೊಂದು ಪತ್ರ ಬರೆಸಿದ: ನಿಜವಾದ ಬೀಗದವರು ನಮ್ಮ ಕೆಳಮನೆಯಲ್ಲಿದ್ದಾರೆ, ನಾನು ಅಲ್ಲ, ಟಿಕೆಟ್ ಅವರ ಹೆಸರಿಗೆ ಮಾಡಿ. ಐದು ಗಂಟೆಗೆ ಉತ್ತರ ಬಂತು. ಅದನ್ನು ಅಚ್ಚು ತೆಗೆಸಿ ತಂದು ಬೀಗದಣ್ಣನ ಕೈಗೇ ಕೊಟ್ಟ.

'ಮಾನ್ಯರೆ, ನೀವು ಮೊದಲೇ ಎಚ್ಚರಿಸಿದಂತೆ ಆಯಿತು. ಮಧ್ಯಾಹ್ನ ಒಬ್ಬ ಫೋನ್ ಮಾಡಿ ತಾನೇ ಬೀಗದವನೆಂದ. ಈಗ ನಿಮ್ಮ ಕೈಯಲ್ಲಿ ಬಲವಂತವಾಗಿ ಈ ಪತ್ರ ಬರೆಸುತ್ತಿದ್ದಾನೆಂದು ತೋರುತ್ತದೆ. ಹೆದರಬೇಡಿ. ಆತನ ಫೋನ್ ನಂಬರು ಪೊಲೀಸರಿಗೆ ಕೊಟ್ಟಿದ್ದೇವೆ. ನೀವು ಧೈರ್ಯವಾಗಿ ಹೊರಟು ಬನ್ನಿ.'

ಮಂಗಳವಾರವಿಡೀ ಬೀಗದಣ್ಣ ತನ್ನ ಅಂಗಡಿಯಲ್ಲಿ ಟಪಾಲಣ್ಣನಿಗೆ ಬೀಗ ತೆರೆಯುವ ಕೊಕ್ಕೆ ಹಿಡಿಯುವುದನ್ನು ಕಲಿಸಿದ. ಸಂಜೆಯ ಹೊತ್ತಿಗೆ ಅವನು ಒಂದು ಸೂಟ್‌ಕೇಸ್ ತೆರೆದ. ಅದಕ್ಕೆ ಬೀಗ ಹಾಕಿರಲಿಲ್ಲ.

ಬುಧವಾರ ಸ್ಟೇಷನ್ನಿನಲ್ಲಿ ಟಪಾಲಣ್ಣ ಕಿಟಕಿಯಿಂದ ಒಂದು ಚೀಟಿ, ಪೆನ್ನು ಹೊರಗೆ ಚಾಚಿದ.

"ನಿನ್ನ ಹೊಸ ವಿಳಾಸ ಬರೆದುಕೊಡು. ನಿನಗೆ ಅಂತ ಏನಾದ್ರೂ ಬಂದ್ರೆ ತಿರುಗಿಸ್ತೀನಿ. ಮೂರು ತಿಂಗಳು ಮಾತ್ರ, ಆಮೇಲೆ ಕೇಳಬಾರದು."

ಬೀಗದಣ್ಣ ಬರೆದುಕೊಟ್ಟ. ಗುರುವಿನ ಕಾಲದ ಉಪಕರಣಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬುಧವಾರ ಬೆಳಗಿನ ಆರು ಗಂಟೆಯ ಗಾಡಿಗೆ ಟಪಾಲಣ್ಣ ಹೋದ.