ಒದೆಯುವ ಬ್ರೇಕೂ ಸೋದರತ್ತೆಯ ಪಟ್ಟವೂ

“ಯಸಳೂರು ಹೋಬಳೀಲಿ ಮೋಟಾರಿನ ನಾಡಿ ಹಿಡಿದು ರೋಗ ಹೇಳೋ ಗಂಡಸು ಅಂತ ಒಬ್ಬ ಇದ್ರೆ ಅದು ನಾನೇ!” ಎಂದು ನಾನು ಘೋಷಿಸಿದ್ದು ಶನಿವಾರ ಸಂಜೆ. ಭಾನುವಾರ ಮಧ್ಯಾಹ್ನಕ್ಕೆ ನನ್ನ ನಾಡಿಯೇ ಸಿಗುತ್ತಿರಲಿಲ್ಲ.

ನಮ್ಮದು ಇಂಗ್ಲೆಂಡಿಗೆ ವಾಪಸು ಹೊರಟ ತೋಟದ ದೊರೆಯೊಬ್ಬ ಮಾರಿಹೋದ ಮುದಿ ಕಾರು. ಮಳೆ ಹಿಡಿಯುವ ಮೊದಲು ಅದನ್ನು ಮದುಮಗನಂತೆ ಮೀಯಿಸಿ, ಒದ್ದೆ ಆರುವ ಮುಂಚೆಯೇ ಕಾಫಿ ಸ್ಟೋರಿನೊಳಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕು ಜಗ್ಗಿ ಎಳೆದುಬಿಟ್ಟರೆ ದಸರೆಯವರೆಗೆ ವನವಾಸ.

“ಬ್ರೇಕು ಎಳೆಯೋ ಬದ್ಲು ಚಕ್ರಕ್ಕೊಂದು ಕಲ್ಲು ಕೊಡಬಾರ್ದೇನ್ರೀ? ನಮ್ಮಪ್ಪ ಗಾಡಿಗೆ ಹಂಗೇ ಕೊಡೋರು,” ಅಂದಿದ್ದಳು ನನ್ನ ಹೆಂಡತಿ ದ್ರಾಕ್ಷಾಯಣಿ.

“ಲೇ, ಇದೇನು ಎತ್ತಿನ ಗಾಡಿಯೇನೇ? ಇಂಗ್ಲೆಂಡಿನ ಯಂತ್ರ ಕಣೇ!”

ದಸರೆ ಕಳೆದ ಆ ಭಾನುವಾರ ಅವಳ ತವರೂರು ಪಾಳ್ಯದಲ್ಲಿ ತಮ್ಮ ಮಂಜುನಾಥನ ಮಗುವಿಗೆ ನಾಮಕರಣ. ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಹುಟ್ಟಿದ ಕೂಸು. ಇವಳೊಬ್ಬಳೇ ಸೋದರತ್ತೆ. ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಇವಳದು. ಉಸುರಿದೊಡನೆ ಹೆಂಗಸರೆಲ್ಲ ನಗುತ್ತಾ ಸೋದರತ್ತೆಯ ಬೆನ್ನಿಗೆ ಗುದ್ದುವುದು ಆ ಮನೆತನದ ಪದ್ಧತಿ. ಆ ಗುದ್ದಿಗಾಗಿ ನನ್ನವಳು ಹೊಸ ರವಿಕೆ ಹೊಲಿಸಿಕೊಂಡಿದ್ದಳು! ಹೆಸರನ್ನೂ ಆರಿಸಿಟ್ಟಿದ್ದಳು. ಗಂಡನೆಂಬ ಗಂಡನಿಗೂ ಹೇಳಿರಲಿಲ್ಲ.

ಶನಿವಾರ ಸಂಜೆ ಕಾರು ಹೊರಗೆ ತೆಗೆದು ಬ್ರೇಕು ತುಳಿದರೆ ಪೆಡಲು ಧಕ್ ಧಕ್ ಅಂತ ನನ್ನ ಕಾಲಿಗೇ ಒದೆಯಿತು. ತುಳಿದಷ್ಟೂ ಒದೆ!

“ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ಬುಡಾನ ಕಣ್ರೀ.”

“ಮನೇಲಿ ಕಾರು ಇಟ್ಕೊಂಡು ಬಸ್ಸಾ? ನಿನ್ನ ತವರಿನೋರು ಏನಂದಾರು!”

ಬೆಳಿಗ್ಗೆ ಮುಂದಿನ ಚಕ್ರಗಳನ್ನು ಬಿಚ್ಚಿದೆ. ಸುತ್ತಿಗೆಯಿಂದ ತಟ್ಟಿದೆ, ಉಜ್ಜಿದೆ, ಊದಿದೆ. ಬಸ್ಸಿನ ಹಾರನ್ನು ಕೇಳಿಸಿತು.

“ರೀ, ಬಸ್ಸು ಬಂತು!”

“ಬರಲಿ, ಹೋಗಲಿ. ರೋಗ ಸಿಕ್ಕಿತು!”

ಬಸ್ಸು ಹೋಯಿತು. ರೋಗ ಹೋಗಲಿಲ್ಲ. ಚಕ್ರ ಹಾಕಿ ತುಳಿದರೆ ಅದೇ ಒದೆ. ಕೊನೆಗೆ ಹ್ಯಾಂಡ್ ಬ್ರೇಕು ಹಿಡಿಯುವ ಹಿಂದಿನ ಚಕ್ರ ಬಿಚ್ಚಿ ಬ್ರೇಕಿನ ಡ್ರಮ್ಮು ಎಳೆದೆ. ಒಳಗೆ ಸುತ್ತ ತುಕ್ಕು, ನಡುವೆ ಬ್ರೇಕು ಅಪ್ಪಿಕೊಂಡಿದ್ದ ಜಾಗದಲ್ಲಷ್ಟೇ ನುಣುಪಾದ ಗುರುತು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಚಕ್ರ ಸುತ್ತಿದಾಗಲೆಲ್ಲ ಪೆಡಲು ಕುಣಿಯದೆ ಇನ್ನೇನು ಮಾಡೀತು!

ದ್ರಾಕ್ಷಾಯಣಿ ಬಗ್ಗಿ ನೋಡಿದಳು. “ಮಳೆಗಾಲ ಪೂರಾ ಹಿಡ್ಕೊಂಡೇ ಕೂತಿತ್ತಲ್ಲ,” ಅಂದಳು. ಕಲ್ಲಿನ ಮಾತು ಎತ್ತಲಿಲ್ಲ. ನಾನು ಡ್ರಮ್ಮನ್ನು ಹಾಗೇ ಮುಚ್ಚಿ ಚಕ್ರ ಹಾಕಿದೆ.

ಇಳಿಜಾರಿನಲ್ಲೆಲ್ಲ ಫಸ್ಟ್ ಗೇರಿನಲ್ಲಿ ತೆವಳಿಕೊಂಡು ಪಾಳ್ಯ ಮುಟ್ಟಿದಾಗ ಎಲೆ ಎತ್ತುತ್ತಿದ್ದರು. ಮಂಜುನಾಥ ಕೈ ಹಿಸುಕಿಕೊಳ್ಳುತ್ತಾ ಬಂದ.

“ಕಾದೂ ಕಾದೂ ಸಾಕಾಯ್ತಕ್ಕ. ಹೊತ್ತು ಮೀರ್ತೈತೆ ಅಂದ್ರು ಐನೋರು. ನನ್ನ ನಾದಿನಿ ಕೈಲಿ ಹೆಸ್ರು ಹೇಳಿಸ್ಬುಟ್ವಿ.”

“ಆಯ್ತು ಬಿಡಪ್ಪ, ಮಗು ಚೆನ್ನಾಗಿರ್ಲಿ,” ಅಂದು ಇವಳು ತಂದಿದ್ದ ಬೆಳ್ಳಿ ಉಡಿದಾರವನ್ನು ತೊಟ್ಟಿಲಲ್ಲಿಟ್ಟಳು. ಅತ್ತ ಮಂಜುನಾಥನ ನಾದಿನಿ ಬೆನ್ನು ಸವರಿಕೊಂಡು ನಗುತ್ತಿದ್ದಳು. ಇವಳೂ ನಕ್ಕಳು. ಅಯ್ಯೋ, ಆ ನಗು ನೋಡಲಾಗಲಿಲ್ಲ ನನಗೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ವಾಪಸು ಬರುವಾಗ ಧೈರ್ಯ ಮಾಡಿ ಕೇಳಿದೆ: “ಯಾವ ಹೆಸರು ಅಂದ್ಕೊಂಡಿದ್ದೆ?”

“ಮಗು ಕಿವೀಲಿ ಹೇಳೋದಿತ್ತು. ನಿಮಗ್ಯಾಕೆ?”

ಎದುರಿಗೆ ದನ ಅಡ್ಡ ಬಂತು. ಬ್ರೇಕು ತುಳಿದೆ. ಧಕ್, ಧಕ್, ಧಕ್! ಅಮ್ಮಾ ಅಂದೆ.

ದ್ರಾಕ್ಷಾಯಣಿ ನನ್ನ ಕಾಲಿನ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಿನ್ನಿ, ತಿನ್ನಿ. ನನ್ನ ಬೆನ್ನಿಗೆ ಬೀಳಬೇಕಾಗಿದ್ದ ಗುದ್ದೇ ಅವು!”