ಮಾವನವರ ಮೂಗಿನ ಪ್ರವಾಸ

ಹೆಂಡದಂಗಡಿ ಕಂಡರೆ ರಸ್ತೆಯ ಆ ಬದಿಗೆ ದಾಟುವ ನಮ್ಮ ಮಾವನವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವೈನ್ ಕಾರ್ಖಾನೆ ಸುತ್ತಿಬಂದರು ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಅಂದು ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದೆ. ಮಾವ ಹಣೆ ತುಂಬ ವಿಭೂತಿ ಧರಿಸಿ ಬಂದು ನಿಂತರು.

"ಗೋವಾಗೆ ಟಿಕೆಟ್ ಮಾಡ್ಸಿದೀನಮ್ಮ. ವೈನ್ ಮಾಡೋ ಕಡೆ ಹೋಗ್ಬರೋಣ."

ನನ್ನ ಬೆರಳಿನ ಕಾಳು ಹಾರಿ ಕೆಳಮನೆಯವರ ತುಳಸಿಕಟ್ಟೆಗೆ ಬಿತ್ತು!

ಮಾವ ಪೀಣ್ಯದ ಊದುಬತ್ತಿ ಕಾರ್ಖಾನೆಯಲ್ಲಿ ಪರಿಮಳ ಬೆರೆಸುತ್ತಿದ್ದವರು. ಮಗನನ್ನು ಓದಿಸಿದ್ದೇ ಆ ಮೂಗು. ಕಳೆದ ವರ್ಷ ಬಂದ ಜ್ವರ, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ಅವರು ಕೂತಲ್ಲಿ ಕೂರುವುದಿಲ್ಲ. ಬೆಳಗ್ಗೆ ಇಂಗಿನ ಡಬ್ಬಿ, ಮಧ್ಯಾಹ್ನ ಕರ್ಪೂರ, ಸಂಜೆ ಪಕ್ಕದ ಮನೆಯವರ ಚಪ್ಪಲಿ! ಎಲ್ಲವನ್ನೂ ಮೂಸಿ, "ಊಹೂಂ" ಎಂದು ಮತ್ತೆ ಹೊರಡುತ್ತಾರೆ. ಒಗ್ಗರಣೆ ಒಂದು ಕ್ಷಣ ಹೆಚ್ಚಾದರೂ ಗದರುತ್ತಿದ್ದವರು ಈಗ ಏನು ಬಡಿಸಿದರೂ "ಚೆನ್ನಾಗಿದೆಯಮ್ಮ" ಎನ್ನುತ್ತಾರೆ. ಆ ಹೊಗಳಿಕೆ ಕೇಳಲಾರದೆ ನಾನು ಶಿವನನ್ನು ಬೇಡಿದ್ದುಂಟು: ಸ್ವಾಮೀ, ಒಂದು ಸಲ ಇವರ ಬಾಯಿಂದ ನನ್ನನ್ನು ಬೈಸಪ್ಪ!

ಬಗೆಬಗೆಯ ವಾಸನೆ ತೋರಿಸಿ ಎಂದಿದ್ದರು ಡಾಕ್ಟರು. ಅದಕ್ಕೆ ವೈನ್ ಕಾರ್ಖಾನೆಗಿಂತ ಬೇರೆ ಜಾಗ ಬೇಕೇ ಎಂಬುದು ಮಾವನ ವಾದ.

ಸ್ವೆಟರ್ ಹಾಕಿಕೊಂಡು ಹೊರಟವರು ಗೋವಾದಲ್ಲಿ ಬೆವರಲ್ಲಿ ಮಿಂದೆವು. ಕಾರ್ಖಾನೆಯ ಹುಡುಗಿ ಎಲ್ಲರಿಗೂ ಗ್ಲಾಸಿನ ತಳದಲ್ಲಿ ಇಷ್ಟೇ ಇಷ್ಟು ವೈನ್ ಹಾಕಿಕೊಟ್ಟಳು. ಮೂಸುವುದಷ್ಟೇ ಎಂದು ಮಾತಾಗಿತ್ತು. ಆದರೆ ಅಷ್ಟು ಚೂರು ಕೊಟ್ಟರೆ ನಮ್ಮ ಜನರ ಕೈ ಸುಮ್ಮನಿರುತ್ತದೆಯೇ? ಮಾವ ಅದನ್ನು ಅಂಗೈಗೆ ಬಗ್ಗಿಸಿಕೊಂಡು, ಕಣ್ಣಿಗೊತ್ತಿ, ಹೀರಿ, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡುಬಿಟ್ಟರು!

"ಅಪ್ಪಾ, ಅದು ತೀರ್ಥ ಅಲ್ಲ!" ಎಂದು ನಮ್ಮವರು ಕೂಗುವಷ್ಟರಲ್ಲಿ, ಅದೇ ಕ್ರಮವಿರಬೇಕೆಂದು ಹಿಂದಿದ್ದ ಪ್ರವಾಸಿಗರೂ ತಲೆಗೆ ಸವರಿಕೊಳ್ಳುತ್ತಿದ್ದರು.

"ವಾಸನೆ ಬಂತಾ ಮಾವ?"

"ಊಹೂಂ. ನಡಿ, ಮುಂದಿನ್ದು."

ಮುಂದಿನದು ಮೀನಿನ ಹೋಟೆಲು. ಬಡಿಸುವವನು ಗದಗದ ಕಡೆಯವನು. ಮಾವನ ವಿಭೂತಿ ಕಂಡು ಗಾಬರಿಯಾದ.

"ಯಜಮಾನ್ರ, ಇಲ್ಲಿ ಬರೇ ಮೀನಾ ರೀ! ನಿಮಗೇನ್ ಕೊಡ್ಲಿ?"

"ತಿನ್ನೋಕೇನೂ ಬೇಡಪ್ಪ. ಒಂಚೂರು ಮೂಸಿ ಹೋಗ್ತೀವಿ."

ಅವನು ಒಳಗೆ ತಿರುಗಿ ಕೂಗಿದ: "ಮಾಲಕರ, ಮೂಸಾಕ ಬಿಲ್ ಎಷ್ಟ್ ಹಾಕ್ಲಿ?"

ನನ್ನ ಮೂಗಿಗೆ ಸೆರಗು, ಮಾವನ ಮೂಗು ಬಾಣಲೆಯ ಮೇಲೆ. ಬಂದದ್ದು ಸೀನು ಮಾತ್ರ. ಮೀಸೆ ಸುಡಲಿಲ್ಲವಲ್ಲ, ಶಿವನ ದಯೆ!

ಹೀಗೆ ಇನ್ನೊಂದು ಕಾರ್ಖಾನೆ, ಮತ್ತೊಂದು ಹೋಟೆಲು. ಕೊನೆಗೆ ಮಾವ ಸಮುದ್ರದಂಡೆಯ ಮರಳಿನ ಮೇಲೆ ಕುಸಿದು ಕೂತರು.

"ಸಮುದ್ರಕ್ಕೂ ಒಂದು ವಾಸನೆ ಇರತ್ತಂತಲ್ಲಮ್ಮ. ಹೆಂಗಿದೆ?"

"ಒಣಗದೆ ಉಳಿದ ಬಟ್ಟೆ ಇರತ್ತಲ್ಲ ಮಾವ, ಹಂಗೆ" ಎಂದೆ. ಬೇರೇನೂ ಹೊಳೆಯಲಿಲ್ಲ. ಅವರು ತಲೆಯಾಡಿಸಿದರು.

ಊರಿಗೆ ಬಂದ ಮೇಲೆ ಒಂದು ಬೆಳಗ್ಗೆ ಬಟ್ಟೆ ಹರವುತ್ತ, ಪಕ್ಕದ ಬಾಲ್ಕನಿಯಾಕೆಗೆ ಈ ತೀರ್ಥದ ಕಥೆ ಹೇಳುತ್ತಿದ್ದೆ. ನಡುಮನೆಯಿಂದ ಗುಡುಗು ಕೇಳಿತು.

"ಯಾರಮ್ಮ ಒಲೆ ಮುಂದೆ! ಹಾಲು ಸೀದ್ಹೋಗ್ತಿದೆ, ಮೈಮೇಲೆ ಎಚ್ಚರ ಇಲ್ವಾ?"

ಓಡಿಹೋಗಿ ಒಲೆ ಆರಿಸಿದೆ. ಆಮೇಲೆ ಅಲ್ಲೇ ನಿಂತುಬಿಟ್ಟೆ. ಕೂಗಿದ್ದು ಯಾರು?

ಮಾವ ಬಾಗಿಲಲ್ಲಿದ್ದರು. ಮೆಲ್ಲಗೆ ಬಂದು ಪಾತ್ರೆಯೊಳಗೆ ಮೂಗಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಏನು ಘಾಟಮ್ಮ ಇದು!" ಎಂದು ಕಣ್ಣೊರೆಸಿಕೊಂಡರು. "ಹೊಗೆ, ಹೊಗೆ."

"ಹೌದು ಮಾವ" ಎಂದೆ, ನನ್ನ ಕಣ್ಣನ್ನೂ ಒರೆಸಿಕೊಂಡು. ಅವರಿಗೆ ಸಾಕಾದ ಮೇಲೆ ಪಾತ್ರೆ ಇಸಿದುಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತೆ.