ಎರಡು ಸೀಟಿನ ಕೆಂಪು ಕಾರು

ಸತ್ತವರನ್ನು ನೆನೆಯಲು ವರ್ಷಕ್ಕೊಂದು ತಿಥಿಯುಂಟು. ಮಾರಿದ ಕಾರಿಗೆ ಅದೂ ಇಲ್ಲ; ಹಾಗಾಗಿ ನಾನು ಅದನ್ನು ಹೊತ್ತುಗೊತ್ತಿಲ್ಲದೆ ನೆನೆದು ಮುಖ ಸಪ್ಪಗೆ ಮಾಡಿಕೊಳ್ಳುತ್ತೇನೆ. ಯುದ್ಧ ಮುಗಿದು ಬಳ್ಳಾರಿಯ ದಂಡಿನ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಅವನಿಂದ ಕೊಂಡ ಓಟದ ಕಾರದು. ಎರಡೇ ಸೀಟು, ನೆತ್ತಿಯ ಮೇಲೆ ಆಕಾಶ. ಆಗ ನಾನು ಹೊಸ ವಕೀಲ. ಕಕ್ಷಿದಾರರಿರಲಿಲ್ಲ, ಅವಸರ ಮಾತ್ರ ಬಹಳವಿತ್ತು. ಬ್ರೂಸ್‌ಪೇಟೆಯಲ್ಲಿ ಅದರ ಸದ್ದು ಕೇಳಿದರೆ ವ್ಯಾಪಾರಿಗಳು ತಕ್ಕಡಿ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಹೊಸ ಹೆಂಡತಿ ಸುಶೀಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ತವರು ಸಿರುಗುಪ್ಪಕ್ಕೆ ಹೊರಟರೆ ದಾರಿಯ ಧೂಳೆಲ್ಲ ನಮ್ಮದೇ. ಮಗಳಾರು, ಅಳಿಯನಾರು ಎಂದು ಮಾವನವರು ಕಣ್ಣು ಕಿರಿದು ಮಾಡಿ ನೋಡಬೇಕು. ಆದರೂ ಅವಳು ಸೆರಗನ್ನು ತಲೆಗೆ ಬಿಗಿದು, "ಇನ್ನೂ ಜೋರು ಹೊಡೀರಿ!" ಎಂದು ನಗುತ್ತಿದ್ದಳು.

ಆಮೇಲೆ ಮಕ್ಕಳಾದವು. ಒಂದು ದಿನ ನನ್ನ ಅಮ್ಮ ಅಂಗಳದಲ್ಲಿ ನಿಂತು, "ಲೇ ರಾಘು, ಇದರಾಗ ನಾ ಎಲ್ಲಿ ಕೂಡ್ಲಿ? ಬಾನೆಟ್ಟಿನ ಮ್ಯಾಲೇನು?" ಎಂದಳು. ದಾವೆ ಅಲ್ಲಿಗೇ ಇತ್ಯರ್ಥವಾಯಿತು. ಕೆಂಪು ಕಾರು ಕುರುಗೋಡಿನ ಹತ್ತಿ ವ್ಯಾಪಾರಿ ವೀರಣ್ಣನವರ ಪಾಲಾಯಿತು. ನಮ್ಮ ಮನೆಗೆ ಬೂದು ಬಣ್ಣದ, ಡೊಳ್ಳು ಹೊಟ್ಟೆಯ ಹೊಸ ಕಾರು ಬಂತು.

ಹೊಸದನ್ನು ಬೈಯುವಂತಿಲ್ಲ. ಮಳೆಗೆ ಸೋರದು, ನಡುದಾರಿಯಲ್ಲಿ ಕೈಕೊಡದು. ಮಕ್ಕಳು, ನೀರಿನ ಹೂಜಿ, ಉಪ್ಪಿನಕಾಯಿ ಭರಣಿ, ಅಮ್ಮನ ಮಡಿ ಸೀರೆಯ ಗಂಟು, ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಮುಂದೆ ನನ್ನ ಪಕ್ಕದಲ್ಲಿ ಅಮ್ಮ. ಎಮ್ಮೆ ಫರ್ಲಾಂಗು ದೂರವಿರುವಾಗಲೇ "ಹಾರ್ನ್ ಹೊಡಿಯೋ" ಎನ್ನುತ್ತಾಳೆ. ಸುಶೀಲೆ ಹಿಂದೆ, ಮಕ್ಕಳ ನಡುವೆ. ಅವಳ ಮುಖ ನನಗೆ ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ, ಅದೂ ಯಾರೂ ವಾಂತಿ ಮಾಡಿಕೊಳ್ಳದಿದ್ದರೆ.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದಿಂದ ಬರುತ್ತ ನೀರಿಗೆಂದು ಕುರುಗೋಡಿನಲ್ಲಿ ನಿಂತೆವು. ವೀರಣ್ಣನವರ ಅಂಗಡಿಯ ಮುಂದೆ ಕೆಂಪು ಕಾರು ನಿಂತಿತ್ತು. ನಾನು ಅದರ ಬಾಗಿಲು ಸವರುತ್ತಿದ್ದುದನ್ನು ಕಂಡು ವೀರಣ್ಣನವರು ಹೊರಬಂದರು. "ವಕೀಲರ, ಮಗಳನ್ನ ಗಂಡನ ಮನಿಯಾಗ ನೋಡಿದಂಗ ಯಾಕ ನೋಡ್ತೀರಿ? ತಗೋರಿ ಚಾವಿ. ಬಾದನಹಟ್ಟಿ ತನಕ ಹೋಗಿ ಬರ್ರಿ" ಎಂದರು.

ನಾನು ಹತ್ತುವುದರೊಳಗೆ ಸುಶೀಲೆ ಕೂಸನ್ನು ಅಮ್ಮನ ಮಡಿಲಿಗೆ ಹಾಕಿ ಪಕ್ಕದಲ್ಲಿ ಬಂದು ಕೂತಾಗಿತ್ತು. ತಲೆಗೆ ಸೆರಗು ಬಿಗಿಯುತ್ತಿದ್ದಳು.

ಮುಂದೆ ನೆಟ್ಟಗೆ ಖಾಲಿ ರಸ್ತೆ. ಆದರೆ ನನ್ನ ಕಾಲು ಒತ್ತಲೊಲ್ಲದು. ಎಲ್ಲೋ ಇದ್ದ ಚಕ್ಕಡಿಗೆ ಇಲ್ಲಿಂದಲೇ ಹಾರ್ನ್ ಹೊಡೆದೆ. ಗುಂಡಿ ಕಂಡಲ್ಲೆಲ್ಲ ಬಸುರಿಯನ್ನು ಕರೆದೊಯ್ಯುವವನಂತೆ ಇಳಿಸಿ ಏರಿಸಿದೆ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋದ. ಸುಶೀಲೆ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು.

"ಯಾಕ?" ಎಂದೆ.

"ಧೂಳ ಏಳವಲ್ದಲ್ರೀ" ಎಂದಳು. ಸಿಟ್ಟಿನಿಂದ ಅಂದಿದ್ದರೆ ಎಷ್ಟೋ ವಾಸಿಯಿತ್ತು.

ಹಿಂದಿರುಗಿದಾಗ ವೀರಣ್ಣನವರು ಕಾರಿನ ಸುತ್ತ ನೋಡಿ ಮೆಚ್ಚಿಕೊಂಡರು. "ಎಷ್ಟು ಜೋಪಾನ ಹೊಡದೀರಿ! ನಮ್ಮ ಹುಡುಗಿ ಲಗ್ನದಾಗ ಮುದುಕರನ್ನ ಕರಕೊಂಡು ಬರಾಕ ನಿಮಗೇ ಹೇಳ್ತೀನಿ."

ಬಳ್ಳಾರಿ ಮುಟ್ಟುವವರೆಗೆ ನಾನು ಕನ್ನಡಿಯಲ್ಲಿ ಸುಶೀಲೆಯ ಮುಖ ಹುಡುಕಿದೆ. ಕಾರು ತುಂಬ ಜನವಿದ್ದುದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.